ತವರುಗುಡ್ಡದ ಕೆಂಬೇರು

ಮುತ್ತಲದಿನ್ನಿಯಲ್ಲಿ ಬಸ್ಸಿಳಿದು ಉತ್ತರಕ್ಕೆ ಮುಖ ಮಾಡಿ ನಿಂತರೆ ಜೋಳದ ಹೊಲಗಳ ಆಚೆ ಒಂದು ಗುಡ್ಡ ಕಾಣುತ್ತದೆ. ದೊಡ್ಡ ಗುಡ್ಡವೇನಲ್ಲ. ಊರ ಕಡೆಯ ಮೈ ಇಳಿಜಾರಾಗಿದೆ, ಆಚೆಯ ಮೈ ಕಡಿದಾಗಿದೆ. ಮೇಲೆ ಗುಡಿಯಾಗಲಿ ಹಾಳುಬಿದ್ದ ಕೋಟೆಯಾಗಲಿ ಇಲ್ಲ. ಸರ್ಕಾರದ ನಕಾಶೆಯಲ್ಲಿ ಅದರ ಹೆಸರು ಕರೇಗುಡ್ಡ. ಕಲ್ಲಿನ ಬಣ್ಣ ನೋಡಿದರೆ ಆ ಹೆಸರು ತಪ್ಪೆನ್ನಲಾಗದು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ತವರುಗುಡ್ಡ ಎನ್ನುತ್ತಾರೆ. ಹೊರಗಿನಿಂದ ಬಂದವರು ಇದು ಯಾವ ದೇವಿಯ ತವರು ಎಂದು ವಿಚಾರಿಸುವುದುಂಟು. ದೇವಿಯ ಕಥೆಯನ್ನು ನಾನಂತೂ ಯಾರ ಬಾಯಿಂದಲೂ ಕೇಳಿಲ್ಲ. ನಮ್ಮ ಹಿರಿಯರು ಹೇಳುತ್ತ ಬಂದಿರುವುದು ಒಂದು ಗಿಡದ ಕಥೆ. ಕೇಳಿದ್ದನ್ನು ಕೇಳಿದಂತೆ ಇಲ್ಲಿ ಬರೆಯುತ್ತೇನೆ.

ಗುಡ್ಡದ ಇಳಿಜಾರಿನಲ್ಲಿ, ಕಲ್ಲುಗಳ ಸಂದಿನಲ್ಲಿ, ಮೊಣಕಾಲೆತ್ತರದ ಒಂದು ಪೊದೆ ಬೆಳೆಯುತ್ತದೆ. ಎಲೆ ತುಳಸಿಯ ಎಲೆಗಿಂತ ತುಸು ಉದ್ದ. ಹೂವು ಇದ್ದೂ ಇಲ್ಲದಷ್ಟು ಸಣ್ಣದು. ಗೊತ್ತಿಲ್ಲದವರು ಕಳೆಯೆಂದುಕೊಂಡು ದಾಟಿ ಹೋಗುತ್ತಾರೆ. ಬೇರಿನ ಸಿಪ್ಪೆಯನ್ನು ಉಗುರಿನಿಂದ ಕೆರೆದಾಗ ಮಾತ್ರ ಅದರ ಗುರುತು ಸಿಗುತ್ತದೆ. ಒಳಗೆಲ್ಲ ಕುಂಕುಮ ಕಲಸಿದಂಥ ಕೆಂಪು. ಅದಕ್ಕೇ ಕೆಂಬೇರು ಎಂಬ ಹೆಸರು. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದ ಹೆಂಗಸಿಗೆ ಹಿಂದಿನವರು ಇದರ ಹಸಿ ಬೇರನ್ನು ಜಜ್ಜಿ, ಕಷಾಯ ಕಾಸಿ ಕುಡಿಸುತ್ತಿದ್ದರಂತೆ. ಈಗ ನಮ್ಮ ಊರಿನ ಹೆರಿಗೆಗಳೆಲ್ಲ ತಾಲೂಕು ಆಸ್ಪತ್ರೆಯಲ್ಲಿ ಆಗುತ್ತವೆ. ಅದು ಒಳ್ಳೆಯದೇ ಆಯಿತು. ಕೆಂಬೇರನ್ನು ಕಾಸಿದ್ದನ್ನು ಕಣ್ಣಾರೆ ಕಂಡವರು ಇಂದು ಊರಲ್ಲಿ ಯಾರೂ ಉಳಿದಿಲ್ಲ. ಸಸ್ಯಶಾಸ್ತ್ರ ಓದಿದವರು ಬಂದು ಎಲೆ, ಹೂವು ಒಣಗಿಸಿ ಒಯ್ದಿದ್ದಾರೆ. ಅದು ಯಾವ ಕುಲದ್ದೆಂಬುದರಲ್ಲಿ ಅವರಲ್ಲೇ ಒಮ್ಮತವಿಲ್ಲವಂತೆ.

ಹಿಂದೆ ಒಮ್ಮೆ, ಈ ಸೀಮೆ ಸುಲ್ತಾನರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಮುತ್ತಲದಿನ್ನಿಯಲ್ಲಿ ನಿಂಬೆವ್ವ ಎಂಬ ಸೂಲಗಿತ್ತಿ ಇದ್ದಳು ಎನ್ನುತ್ತಾರೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಹಾಲವ್ವ ಎಂಬ ಒಬ್ಬಳೇ ಮಗಳು. ಊರಿನಲ್ಲಿ ಹುಟ್ಟಿದ ಮಕ್ಕಳಲ್ಲಿ ನಿಂಬೆವ್ವನ ಕೈಗೆ ಬೀಳದೆ ನೆಲ ಕಂಡ ಮಗುವಿಲ್ಲ ಎಂಬ ಮಾತಿತ್ತು. ಆ ಕಾಲಕ್ಕೆ ಗುಡ್ಡದ ತುಂಬ ಕೆಂಬೇರು. ದನ ಕಾಯುವವರ ಕಾಲಿಗೆ ತೊಡರುವಷ್ಟು. ಹಾಗಾಗಿ ನಮ್ಮ ಊರಿನ ಹೆಣ್ಣುಮಕ್ಕಳು ಎಷ್ಟೇ ದೂರದ ಊರಿಗೆ ಮದುವೆಯಾಗಿ ಹೋಗಿದ್ದರೂ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಿದ್ದರು. ಅದು ಎಲ್ಲ ಕಡೆಯ ಪದ್ಧತಿಯೇ. ಮುತ್ತಲದಿನ್ನಿಯ ವಿಶೇಷವೆಂದರೆ ಎರಡನೆಯದಕ್ಕೂ ಮೂರನೆಯದಕ್ಕೂ ಅತ್ತೆಯರೇ ಗಾಡಿ ಕಟ್ಟಿಸಿ ಸೊಸೆಯರನ್ನು ಕಳಿಸುತ್ತಿದ್ದರು. ಅಲ್ಲಿ ಹೋದರೆ ತಾಯಿ ಮಗು ಇಬ್ಬರೂ ತಿರುಗಿ ಬರುತ್ತಾರೆ ಎಂಬ ಧೈರ್ಯ.

ಒಂದು ಬೇಸಿಗೆಯಲ್ಲಿ ಹಾಶಿಮ ಎಂಬ ಕುದುರೆ ವ್ಯಾಪಾರಿ ತನ್ನ ಜನರೊಂದಿಗೆ ಈ ದಾರಿಯಲ್ಲಿ ಬಂದ. ಸಮುದ್ರದಾಚೆಯ ಅರಬರ ಬಂದರಿನವನು. ಕುದುರೆಗಳನ್ನು ಸುಲ್ತಾನರ ಪೇಟೆಗೆ ಒಯ್ಯುತ್ತಿದ್ದ. ಆ ಪೇಟೆಯಲ್ಲಿದ್ದ ಹಾಶಿಮನ ಅಣ್ಣನ ಮನೆಗೆ ಹೆರಿಗೆಗೆಂದು ಹೊರಟಿದ್ದ ಹೆಂಡತಿ ಮರ್ಜಾನಾ ಜೊತೆಗಿದ್ದಳು. ದಾರಿಯ ಕುಲುಕಾಟಕ್ಕೋ ಏನೋ, ದಿನ ತುಂಬುವ ಮೊದಲೇ ನಮ್ಮ ಊರ ಹೊರಗಿನ ಬಾವಿಯ ಬಳಿ ಆಕೆಗೆ ನೋವು ಕಾಣಿಸಿತು. ಸುದ್ದಿ ಮುಟ್ಟಿದ ಕೂಡಲೇ ನಿಂಬೆವ್ವ ಆಕೆಯನ್ನು ತನ್ನ ಮನೆಗೇ ಕರೆತರಿಸಿದಳು. ಗಂಡು ಮಗು ಸುಸೂತ್ರವಾಗಿ ಹುಟ್ಟಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಹಾಶಿಮ ತನ್ನ ಗಂಟಿನಲ್ಲಿದ್ದ ಔಷಧಗಳನ್ನೆಲ್ಲ ತೆಗೆದು ಕಟ್ಟೆಯ ಮೇಲೆ ಹರವಿ, ಯಾವುದು ಬೇಕೆಂದು ಕೈಸನ್ನೆಯಲ್ಲಿ ಕೇಳಿದನಂತೆ. ನಿಂಬೆವ್ವ ಅವನ್ನು ನೋಡದೆ ಗುಡ್ಡದಿಂದ ಬೇರು ತರಿಸಿ ಕಾಸಿ ಕುಡಿಸಿದಳು. ಹೊತ್ತು ಇಳಿಯುವಷ್ಟರಲ್ಲಿ ರಕ್ತ ನಿಂತಿತು.

ಹಾಶಿಮ ಕುದುರೆಗಳೊಡನೆ ಮುಂದೆ ಹೋದ. ಮರ್ಜಾನಾ ಮೈ ಗಟ್ಟಿಯಾಗುವವರೆಗೆ ನಿಂಬೆವ್ವನ ಮನೆಯಲ್ಲೇ ಬಾಣಂತಿಯಾಗಿ ಉಳಿದಳು. ಹಾಲವ್ವ ಆಗ ಲಂಗ ಉಟ್ಟು ಓಡಾಡುವ ಹುಡುಗಿ. ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಎದುರಿಗೆ ಕಂಡದ್ದಕ್ಕೆಲ್ಲ ನಮ್ಮ ಮಾತಿನ ಹೆಸರು ಹೇಳಿ, ಮರ್ಜಾನಾ ಸರಿಯಾಗಿ ಅನ್ನುವವರೆಗೂ ಬಿಡುತ್ತಿರಲಿಲ್ಲ. ನೀರು, ಒಲೆ, ರೊಟ್ಟಿ, ಅವ್ವ. ಊರಿನ ಬಾಣಂತಿಯರೆಲ್ಲ ತಾಯಿಯ ಮನೆಯಲ್ಲಿರುವುದನ್ನು ಕಂಡು ಇದೇನು ಪದ್ಧತಿ ಎಂದು ಆಕೆ ಕೇಳಿದಾಗ ತವರು ಎಂಬ ಮಾತನ್ನೂ ಹಾಲವ್ವನೇ ಕಲಿಸಿದಳು. ಹಾಗಾದರೆ ನನ್ನ ತವರು ಯಾವುದು ಎಂದು ಮರ್ಜಾನಾ ಕೇಳಿದಳಂತೆ. ಹೆತ್ತ ತಾಯಿಯನ್ನು ಎಳೆತನದಲ್ಲೇ ಕಳೆದುಕೊಂಡವಳು ಆಕೆ. ಬಾಣಂತನ ಎಲ್ಲಿ ಆಯಿತೋ ಅದೇ ತವರು, ಬೇರೆ ಏನಿದ್ದೀತು ಎಂದು ನಿಂಬೆವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು.

ಗಂಡ ಕರೆದೊಯ್ಯಲು ಬಂದಾಗ ನಿಂಬೆವ್ವ ಆ ಮಾತಿಗೆ ತಕ್ಕಂತೆ ನಡೆದುಕೊಂಡಳು. ಮರ್ಜಾನಾಳನ್ನು ಮಣೆಯ ಮೇಲೆ ಕೂರಿಸಿ, ಸ್ವಂತ ಮಗಳಿಗೆ ತುಂಬುವಂತೆ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಒಂದು ಹಸಿರು ಕುಬಸದ ಬಟ್ಟೆ. ಕೊನೆಗೆ ಒದ್ದೆ ಮಣ್ಣು ಹಿಡಿದ ಒಂದು ಕೆಂಬೇರಿನ ಸಸಿಯನ್ನು ಮುತ್ತಲದ ಎಲೆಯಲ್ಲಿ ಸುತ್ತಿ ಕೈಗೆ ಕೊಟ್ಟಳು. ಮುಂದಿನ ಹೆರಿಗೆಗೆ ಸಮುದ್ರ ದಾಟಿ ಬರಲಾಗುವುದಿಲ್ಲ, ಅಂಗಳದಲ್ಲಿ ಹಚ್ಚಿಕೋ ಎಂದಳು.

ಮರುವರ್ಷ ಹಾಶಿಮ ಬಂದಾಗ ಸಸಿ ಅಂಗಳದಲ್ಲಿ ಬೇರು ಬಿಟ್ಟಿದೆ ಎಂಬ ಸುದ್ದಿ ತಂದ. ಅದರ ನಂತರದ ವರ್ಷ, ಆ ಬಂದರಿನ ಸೂಲಗಿತ್ತಿಯರೆಲ್ಲ ಮರ್ಜಾನಾಳ ಬಾಗಿಲಿಗೆ ಬರುತ್ತಿದ್ದಾರೆ ಎಂದ. ನಿಂಬೆವ್ವನಿಗೆ ಸಂತೋಷವಾಯಿತು. ಆ ಸುದ್ದಿ ವ್ಯಾಪಾರಿಗಳ ಕಿವಿಗೂ ಬಿದ್ದಿರುತ್ತದೆ ಎಂಬುದು ಆಕೆಗೆ ಹೊಳೆಯಲಿಲ್ಲ. ಒಂದು ಗಿಡ ಒಂದು ಬಂದರಿಗೆ ಸಾಲದು. ಸ್ವಲ್ಪ ಕಾಲದಲ್ಲೇ ಕರಾವಳಿಯ ದಲ್ಲಾಳಿಗಳು ಕೆಂಬೇರನ್ನು ಹುಡುಕುತ್ತ ಮುತ್ತಲದಿನ್ನಿಗೆ ಬಂದು ಮಲಕಾಜಪ್ಪ ದೇಸಾಯಿಯನ್ನು ಕಂಡರು. ಗುಡ್ಡ ದೇಸಾಯಿಯ ವತನಕ್ಕೆ ಸೇರಿದ್ದು. ಅಗೆಯಲು ಅವನು ಒಪ್ಪಿಗೆ ಕೊಟ್ಟ. ದೇಸಾಯಿ ಕೆಟ್ಟವನೆಂದು ಯಾರೂ ಹೇಳುವುದಿಲ್ಲ. ಬಂದ ಹಣದಲ್ಲಿ ಕೆರೆಯ ಏರಿಯನ್ನು ಭದ್ರಪಡಿಸಿದವನೂ ಅವನೇ. ಬೀಜ ಉದುರುವ ಮೊದಲೇ ಗಿಡ ಕೀಳುತ್ತಿದ್ದಾರೆ, ಉದುರಿದ ಮೇಲೆ ಅಗೆಯಲು ಹೇಳಿರೆಂದು ನಿಂಬೆವ್ವ ದೇಸಾಯಿಯ ವಾಡೆಗೆ ಹೋಗಿ ಕೇಳಿಕೊಂಡಳು. ಇಷ್ಟು ದೊಡ್ಡ ಗುಡ್ಡ ಮುಗಿದುಹೋಗುತ್ತದೆಯೇ ಎಂದು ದೇಸಾಯಿ ನಕ್ಕ. ಗುಡ್ಡ ಅವಳು ಹುಟ್ಟಿದಾಗಿನಿಂದ ಹಾಗೇ ಇತ್ತು. ಅವಳಿಗೂ ಒಳಗೊಳಗೆ ಮುಗಿಯಲಾರದು ಎನಿಸಿರಬೇಕು, ಎರಡನೆಯ ಸಲ ಹೋಗಿ ಕೇಳಲಿಲ್ಲ.

ಗುಡ್ಡ ಮುಗಿಯಿತು. ಮೊದಲು ಕೆಳಗಿನ ಇಳಿಜಾರು, ಆಮೇಲೆ ಮೇಲಿನದು, ಕೊನೆಗೆ ಆಚೆಯ ಕಡಿದಾದ ಮೈಯಲ್ಲಿ ಹಗ್ಗ ಕಟ್ಟಿ ಇಳಿದು ಕಿತ್ತರಂತೆ. ಎತ್ತುಗಳ ಮೇಲೆ ಹೇರಿದ ಚೀಲಗಳು ಪಡುವಣಕ್ಕೆ ಹೋಗುವುದನ್ನು ಊರವರು ನೋಡುತ್ತಿದ್ದರು. ಗಿಡ ಸಿಗದಾದ ಮೇಲೆ ದಲ್ಲಾಳಿಗಳು ಬರುವುದನ್ನು ನಿಲ್ಲಿಸಿದರು. ಹಾಶಿಮನೂ ಬರುತ್ತಿರಲಿಲ್ಲ. ಕುದುರೆಗಳ ದಾರಿ ಬೇರೆಯಾಗಿತ್ತು. ಊರಿನಲ್ಲಿ ಬಾಣಂತಿಯರು ಸಾಯತೊಡಗಿದರು. ಹಿಂದೆ ಸಾವು ಇರಲಿಲ್ಲವೆಂದಲ್ಲ, ಈಗ ತಡೆಯುವ ದಾರಿಯಿರಲಿಲ್ಲ.

ಹಾಲವ್ವನನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು. ಚೊಚ್ಚಲಿಗೆ ಆಕೆ ತವರಿಗೆ ಬಂದಳು. ಮಗಳು ಬರುವ ಮೊದಲೇ ನಿಂಬೆವ್ವ ಗುಡ್ಡವನ್ನು ಕಲ್ಲು ಕಲ್ಲು ಎತ್ತಿ ಹುಡುಕಿದ್ದಳು. ಒಂದು ಎಳೆಯೂ ಸಿಕ್ಕಿರಲಿಲ್ಲ. ಹೆಣ್ಣು ಮಗು ಹುಟ್ಟಿತು. ಮರ್ಜಾನಾಳಿಗೆ ಆದಂತೆಯೇ ಆಯಿತು. ನಿಂಬೆವ್ವ ಮಾಚಿಕಾಯಿ ತೇಯ್ದು ಕುಡಿಸಿದಳು, ಬೋಳ ಕಲಸಿ ಕೊಟ್ಟಳು, ಹೊಟ್ಟೆಯನ್ನು ಒತ್ತಿ ಹಿಡಿದಳು, ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ನಡುಮಧ್ಯಾಹ್ನ ಹಾಲವ್ವ ತಾಯಿಯ ಮಡಿಲಲ್ಲೇ ಹೋದಳು. ಗಂಡನ ಮನೆಯವರು ಬಂದು ಕೂಸನ್ನು ಎತ್ತಿಕೊಂಡು ಹೋದರು. ಇನ್ನು ಈ ಮಗುವನ್ನು ಆ ಊರಿನ ಕಡೆ ಮುಖ ಮಾಡಿಸುವುದಿಲ್ಲ ಎಂದು ಹೊಳೆ ದಾಟುವಾಗ ಹೇಳಿ ಹೋದರಂತೆ. ಅದೇ ವರ್ಷದಿಂದ ಬೀಗರೆಲ್ಲ ತಮ್ಮ ಸೊಸೆಯರನ್ನು ಕಳಿಸಲು ಒಪ್ಪದಾದರು. ಮಗಳ ಬಾಣಂತನ ಮಾಡಲಾಗದ ಊರು ಎಂಬ ಹೆಸರು ಬಂತು. ಬರ ಬಿದ್ದರೂ ತಲೆ ತಗ್ಗಿಸದ ಜನ ಇದಕ್ಕೆ ತಲೆ ತಗ್ಗಿಸಿದರು. ಗಿಡದ ಗುಟ್ಟನ್ನು ಪರದೇಶದವಳಿಗೆ ಕೊಟ್ಟವಳು ನಿಂಬೆವ್ವ, ಅವಳಿಂದಲೇ ಇದೆಲ್ಲ ಆಯಿತು ಎಂದು ಬಾವಿಯ ಬಳಿ ಹೆಂಗಸರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ನಿಂಬೆವ್ವ ಕೊಡ ತುಂಬಿಸಿಕೊಂಡು ಬರುತ್ತಿದ್ದಳು.

ಮಗಳ ವರ್ಷದ ಕ್ರಿಯೆ ಮುಗಿದ ಮೇಲೆ ನಿಂಬೆವ್ವ ಉಪ್ಪು ತರುವ ಲಂಬಾಣಿಗರ ಎತ್ತಿನ ಸಾಲಿನ ಜೊತೆ ಕರಾವಳಿಗೆ ಹೊರಟಳು. ಜಗತ್ತಿನಲ್ಲಿ ಇನ್ನೆಲ್ಲಿಯಾದರೂ ಕೆಂಬೇರು ಜೀವಂತವಾಗಿದ್ದರೆ ಅದು ಮರ್ಜಾನಾಳ ಅಂಗಳದಲ್ಲಿ ಎಂಬುದಷ್ಟೇ ಅವಳ ಲೆಕ್ಕ. ಘಟ್ಟ ಇಳಿದು ಬಂದರು ಮುಟ್ಟಿದಾಗ ಅವಳನ್ನು ಯಾರೋ ಉಪೇಂದ್ರ ಕಿಣಿ ಎಂಬುವನ ಅಂಗಡಿಗೆ ಕಳಿಸಿದರು. ಬೇರು, ತೊಗಟೆ, ಅಂಟುಗಳನ್ನು ಹಡಗಿಗೆ ಹತ್ತಿಸುವ, ಹಡಗಿನಿಂದ ಇಳಿಸಿಕೊಳ್ಳುವ ಅಂಗಡಿ ಅದು. ಸೂಲಗಿತ್ತಿ ಎಂದು ತಿಳಿದ ಮೇಲೆ ಕಿಣಿ ಅವಳನ್ನು ಒಳಗೆ ಕರೆದು ಒಂದೊಂದೇ ಚೀಲ ಬಿಚ್ಚಿ ತೋರಿಸಿದ. ಅರಬರ ನಾಡಿನಿಂದ ಬಂದ ಸೋನಾಮುಖಿಯ ಎಲೆ. ಚೀನದಿಂದ ಬಂದ ಚೋಪಚೀನಿ ಗೆಡ್ಡೆ. ಅದರಾಚೆಯ ಹಿಮದ ಬೆಟ್ಟಗಳಿಂದ ಇಳಿದ ರೇವಲಚಿನ್ನಿ. ಹಬಶಿಗಳ ನಾಡಿನ ಮುಳ್ಳುಗಿಡದಿಂದ ಒಸರುವ ಬೋಳ. ಅಲ್ಲಿಯ ಬಾಣಂತಿಯರಿಗೂ ಅದನ್ನೇ ಕೊಡುತ್ತಾರೆ ಎಂದ. ಇಲ್ಲಿಂದ ಆಚೆಗೆ ಹೋಗುವ ಚೀಲಗಳು ಇನ್ನೊಂದು ಗೋಡೆಗೆ ಒರಗಿದ್ದವು. ಹಿಪ್ಪಲಿ, ಶುಂಠಿ, ಬಜೆ, ಅಳಲೆಕಾಯಿ. ನಮ್ಮ ಗುಡ್ಡಗಳ ಅಳಲೆಕಾಯಿಯನ್ನು ಹಿಮದ ನಾಡಿನ ವೈದ್ಯರೂ ಬಳಸುತ್ತಾರೆಂದು ಕೇಳಿ ನಿಂಬೆವ್ವನಿಗೆ ನಂಬಿಕೆಯಾಗಲಿಲ್ಲವಂತೆ.

ಆಮೇಲೆ ಅವನು ಒಂದು ಹಿಡಿ ಮಾಚಿಕಾಯಿ ತೆಗೆದು ಅವಳ ಕೈಗೆ ಹಾಕಿದ. ಹುಟ್ಟಿದ ಕೂಸುಗಳಿಗೆಲ್ಲ ತೇಯ್ದು ನೆಕ್ಕಿಸಿ ಮುಪ್ಪಾದ ಕೈ ಅವಳದು, ಆದರೆ ಆ ಮರವನ್ನು ಅವಳು ನೋಡಿರಲಿಲ್ಲ. ಇದು ಪಾರಸಿ ನಾಡಿನ ಬೆಟ್ಟದ ಮರದ್ದು, ಕಾಯಿ ಎನ್ನುತ್ತೇವೆ, ಆದರೆ ಕಾಯಿಯಲ್ಲ, ಹುಳು ಚುಚ್ಚಿದ ಕಡೆ ಮರ ಕಟ್ಟಿಕೊಂಡ ಗಂಟು ಎಂದು ಕಿಣಿ ವಿವರಿಸಿದ. ನಿಂಬೆವ್ವ ಅದನ್ನು ಬಹಳ ಹೊತ್ತು ನೋಡಿದಳು. ಅವರ ಬೆಟ್ಟದ್ದನ್ನು ನಾವು ಇಷ್ಟು ಕಾಲ ತಿಂದಿದ್ದೇವೆ, ಅವರ ಮರ ಉಳಿದಿದೆಯೇ ಎಂದು ಕೇಳಿದಳು. ಉಳಿದಿರುವುದರಿಂದಲೇ ಚೀಲ ಬರುತ್ತಿದೆ, ಅವರು ಗಂಟನ್ನು ಮಾತ್ರ ಬಿಡಿಸಿಕೊಳ್ಳುತ್ತಾರೆ, ಮರ ಕಡಿಯುವುದಿಲ್ಲ ಎಂದ ಕಿಣಿ. ಅಂಗಡಿಯ ಮೂಲೆಯಲ್ಲಿ ಕೆಂಬೇರಿನ ಒಂದು ಹಳೆಯ ಚೀಲವೂ ಇತ್ತು. ನಿಂಬೆವ್ವ ಕೈ ಹಾಕಿದರೆ ಹುಳು ಹಿಡಿದು ಪುಡಿಯಾಗಿತ್ತು. ಅವಳ ಊರಿನ ಕೆಂಪು ಮಣ್ಣು ಮಾತ್ರ ಇನ್ನೂ ಅದರ ತಳದಲ್ಲಿತ್ತು.

ಮಳೆಗಾಲ ಕಳೆದು ಗಾಳಿ ತಿರುಗಿದ ಮೇಲೆ ಹೊರಡುವ ಒಂದು ಹಡಗಿನ ನಾಖೋದಾ, ಅಂದರೆ ನಾವಿಕರ ಮುಖಂಡ, ಹಾಶಿಮನ ಬಂದರಿನವನೇ ಎಂದು ಕಿಣಿ ಪತ್ತೆ ಮಾಡಿಕೊಟ್ಟ. ನಾಖೋದಾನ ಮುಂದೆ ನಿಂಬೆವ್ವ ತನ್ನ ಸೆರಗಿನ ಗಂಟು ಬಿಚ್ಚಿದಳು. ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು, ಒಂದು ಹಸಿರು ಕುಬಸದ ಬಟ್ಟೆ. ಏನು ಹೇಳಲಿ ಎಂದು ಅವನು ಕಿಣಿಯ ಮೂಲಕ ಕೇಳಿದ.

"ತವರಿಂದ ಕರೆಯಾಕ ಬಂದಾರ ಅಂತ ಹೇಳ್ರಿ. ಅಂಗಳದಾಗಿಂದ ಗಿಡ ತೊಗೊಂಡ ಬಾ ಅಂದಾರ ಅನ್ರಿ. ಅಷ್ಟು ಸಾಕು," ಎಂದಳು ನಿಂಬೆವ್ವ.

ಸಮುದ್ರದಾಚೆಯ ಹೆಂಗಸು ಒಂದು ಹಿಡಿ ಅಕ್ಕಿಗೆ ಹೊರಟು ಬರುತ್ತಾಳೆಯೇ ಎಂದು ನಾಖೋದಾ ಅಂದುಕೊಂಡಿರಬೇಕು. ಆದರೂ ಗಂಟನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡ. ನಿಂಬೆವ್ವ ಊರಿಗೆ ಮರಳಿದಳು. ಏನು ಮಾಡಿ ಬಂದೆ ಎಂದು ಕೇಳಿದವರಿಗೆ, ಮಗಳನ್ನು ಕರೆದು ಬಂದಿದ್ದೇನೆ ಎಂದಳು. ಮಗಳು ಹೋದ ದುಃಖದಲ್ಲಿ ಮುದುಕಿಗೆ ಬುದ್ಧಿ ಕದಡಿದೆ ಎಂದು ಊರು ಮಾತಾಡಿಕೊಂಡಿತು.

ಮರುವರ್ಷ ಚಳಿ ಮುಗಿಯುವ ಹೊತ್ತಿಗೆ ಮರ್ಜಾನಾ ಬಂದಳು. ಗಂಡನೂ ಜೊತೆಗಿದ್ದ. ಗಾಡಿಯಲ್ಲಿ ಒದ್ದೆ ಗೋಣಿ ಸುತ್ತಿದ ಮಡಕೆಗಳಿದ್ದವು, ಅವುಗಳಲ್ಲಿ ಅಂಗಳದ ಗಿಡದ ಬೀಜದಿಂದ ಎಬ್ಬಿಸಿದ ಕೆಂಬೇರಿನ ಗಿಡಗಳು. ಕುಡಿಯುವ ನೀರಿನಲ್ಲಿ ಪಾಲು ಕೊಟ್ಟು ಆಕೆ ಹಡಗಿನಲ್ಲಿ ಆ ಗಿಡಗಳನ್ನು ಉಳಿಸಿಕೊಂಡಿದ್ದಳು. ಆದರೂ ಅರ್ಧಕ್ಕರ್ಧ ದಾರಿಯಲ್ಲೇ ಒಣಗಿದ್ದವು. ಗಾಡಿ ಊರ ಹೆಬ್ಬಾಗಿಲಾದ ಅಗಸೆಯ ಬಳಿ ಬಂದಾಗ ಹೆಂಗಸರು ಅಡ್ಡ ನಿಂತರು. ಗುಡ್ಡ ಬಗೆದು ಒಯ್ದವರು ಈಗ ಇನ್ನೇನು ಒಯ್ಯಲು ಬಂದಿರಿ ಎಂದು ಕೇಳಿದರು. ಅವರಲ್ಲಿ ಹಲವರು ಮಗಳನ್ನೋ ಸೊಸೆಯನ್ನೋ ಕಳೆದುಕೊಂಡವರು. ಮರ್ಜಾನಾ ಗಾಡಿಯಿಂದ ಇಳಿದಳು. ಹೆಂಗಸರ ಸಿಟ್ಟಿನ ಮಾತು ಅವಳಿಗೆ ಪೂರ್ತಿ ತಿಳಿಯಲಿಲ್ಲ. ಅವಳ ಕಣ್ಣು ಆ ಗುಂಪಿನಲ್ಲಿ ಒಬ್ಬರನ್ನು ಹುಡುಕುತ್ತಿತ್ತು. ಅಷ್ಟರಲ್ಲಿ ನಿಂಬೆವ್ವ ಬಂದಳು.

"ಅವ್ವ," ಎಂದಳು ಮರ್ಜಾನಾ. ಆಮೇಲೆ, ಕಲಿತ ಮಾತುಗಳನ್ನು ಒಂದೊಂದೇ ಹೆಕ್ಕಿ, "ಹಾಲವ್ವ ಎಲ್ಲಿ?" ಎಂದು ಕೇಳಿದಳು.

ನಿಂಬೆವ್ವ ಆಕೆಯ ಕೈ ಹಿಡಿದುಕೊಂಡು, "ಹಡಿಯಾಕ ಬಂದಿದ್ಲು. ಬೇರು ಇರಲಿಲ್ಲ," ಎಂದಳು. ಮರ್ಜಾನಾ ಗಾಡಿಯ ಕಡೆಗೊಮ್ಮೆ, ಗುಡ್ಡದ ಕಡೆಗೊಮ್ಮೆ ನೋಡಿದಳು. ಬೋಳಾಗಿ ನಿಂತ ಆ ಗುಡ್ಡದಿಂದ ಏನು ಹೋಗಿತ್ತು, ಯಾವ ದಾರಿಯಲ್ಲಿ ಹೋಗಿತ್ತು ಎಂಬುದು ಅವಳಿಗೆ ಆಗ ಅರ್ಥವಾಯಿತು. ಅಲ್ಲೇ ಅಗಸೆಯ ಮಣ್ಣಿನಲ್ಲಿ ಕುಳಿತುಬಿಟ್ಟಳು. ಅವಳ ಅಳು ಕೇಳಿ, ಮೊದಲು ಅಡ್ಡ ನಿಂತಿದ್ದ ಹೆಂಗಸೇ ಒಂದು ಚೊಂಬು ನೀರು ತಂದುಕೊಟ್ಟಳು ಎನ್ನುತ್ತಾರೆ. ನಿಂಬೆವ್ವ ತನ್ನ ಮಗಳಿಗಾಗಿ ಊರೆದುರು ಅತ್ತದ್ದನ್ನು ಜನ ಕಂಡದ್ದೂ ಅದೇ ದಿನವಂತೆ.

ಉಳಿದ ಗಿಡಗಳನ್ನು ಗುಡ್ಡದ ಇಳಿಜಾರಿನಲ್ಲಿ, ಬೇಸಿಗೆಯಲ್ಲೂ ತೇವ ಆರದ ಒಂದು ಬಂಡೆಯ ಬುಡದಲ್ಲಿ ನೆಟ್ಟರು. ಹಾಶಿಮ ತನ್ನ ವ್ಯಾಪಾರಕ್ಕೆ ಹೋದ. ಮರ್ಜಾನಾ ಗಿಡ ಹಿಡಿಯುವವರೆಗೆ ಬರುವುದಿಲ್ಲವೆಂದು ಉಳಿದಳು. ದಿನವೂ ಇಬ್ಬರೂ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು. ಕೆಲವು ದಿನಗಳ ಮೇಲೆ ಊರಿನ ಇತರರೂ ಹೊರತೊಡಗಿದರು. ಗಿಡಗಳು ಚಿಗುರಿದವು, ಹೂವಿಗೂ ಬಂದವು. ಇನ್ನೇನು ಬೀಜ ಕಟ್ಟಬೇಕು ಎನ್ನುವಾಗ ದೇಸಾಯಿಯ ವಾಡೆಯಿಂದ ಕರೆ ಬಂತು.

ದೇಸಾಯಿಗೆ ನೀಲಗಂಗವ್ವ ಎಂಬ ಮಗಳಿದ್ದಳು. ಊರಿನ ಬೇರೆ ಮನೆಯವರು ಹೆಣ್ಣುಮಕ್ಕಳನ್ನು ಕರೆಸುವುದನ್ನು ಬಿಟ್ಟರೂ ದೇಸಾಯಿ ಹಟದಿಂದ ಮಗಳನ್ನು ಹೆರಿಗೆಗೆ ಕರೆಸಿದ್ದ. ಕರೆಸದಿದ್ದರೆ ತನ್ನಿಂದಲೇ ಗುಡ್ಡ ಬರಿದಾಯಿತೆಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ನಿಂಬೆವ್ವ ಕೈ ತೊಳೆದುಕೊಂಡು ವಾಡೆಯಿಂದ ಹೊರಬಿದ್ದು ನೇರವಾಗಿ ಗುಡ್ಡಕ್ಕೆ ಹೊರಟಳು. ಸುದ್ದಿ ತಿಳಿದ ಹೆಂಗಸರು ಹಿಂದೆಯೇ ಬಂದರು. ಬೀಜ ಕಟ್ಟದ ಗಿಡ ಕಿತ್ತರೆ ಊರಿಗೆ ಇನ್ನೇನು ಉಳಿಯುತ್ತದೆ ಎಂದು ಒಬ್ಬಳು ಕೇಳಿದಳು. ನಮ್ಮ ಮಕ್ಕಳು ಸತ್ತಾಗ ಅವನಿಗೆ ಏನೂ ಅನಿಸಲಿಲ್ಲ, ಅವನ ಮನೆಗೂ ತಿಳಿಯಲಿ ಎಂದು ಇನ್ನೊಬ್ಬಳು ಅಂದಳು. ನಿಂಬೆವ್ವ ಹಿಂದಿರುಗಿ ನೋಡದೆ, "ಅಕಿನೂ ತವರಿಗೆ ಬಂದಾಕಿನ ಅಲ್ಲೇನ?" ಎಂದಳು.

ಬಂಡೆಯ ಬುಡದಲ್ಲಿ ಕುಳಿತು ಅವಳು ಗುದ್ದಲಿ ಎತ್ತಿದಾಗ, ಹಿಂದೆಯೇ ಬಂದಿದ್ದ ಮರ್ಜಾನಾ ಅವಳ ಕೈ ಹಿಡಿದಳು. ಬೇಡವೆನ್ನುತ್ತಿದ್ದಾಳೆ ಎಂದು ನಿಂಬೆವ್ವ ತಿಳಿದಳು. ಮರ್ಜಾನಾ ಗುದ್ದಲಿಯನ್ನು ಬದಿಗಿಟ್ಟು, ಬೆರಳುಗಳಿಂದ ಗಿಡದ ಒಂದು ಮಗ್ಗುಲಿನ ಮಣ್ಣನ್ನು ಬಿಡಿಸಿದಳು. ಬೇರು ಅಲ್ಲಿ ಕವಲೊಡೆದಿತ್ತು. ಒಂದು ಕವಲನ್ನು ಮಾತ್ರ ಚಾಕುವಿನಿಂದ ಕೊಯ್ದು ನಿಂಬೆವ್ವನ ಕೈಗಿಟ್ಟಳು. ಕೊಯ್ದ ಬಾಯಿಗೆ ಜೊತೆಗೆ ತಂದಿದ್ದ ಬೂದಿ ಒತ್ತಿ, ಮಣ್ಣು ಮುಚ್ಚಿದಳು. ಅದೇ ರೀತಿ ಇನ್ನೊಂದು ಗಿಡದಲ್ಲೂ ಕೊಯ್ದಳು. ಮೊದಮೊದಲು ಅವಳ ಅಂಗಳದಲ್ಲಿ ಇದ್ದದ್ದು ಒಂದೇ ಗಿಡ, ಬಾಗಿಲಿಗೆ ಬರುವ ಹೆಂಗಸರು ಹಲವರು. ಗಿಡವನ್ನೂ ಹೆಂಗಸನ್ನೂ ಉಳಿಸಲು ಆಕೆ ವರ್ಷಗಳಿಂದ ಅಲ್ಲಿ ಮಾಡುತ್ತ ಬಂದದ್ದು ಇದನ್ನೇ. ಕಾಲಿಗೆ ತೊಡರುವಷ್ಟು ಗಿಡಗಳಿದ್ದ ಮುತ್ತಲದಿನ್ನಿಯವರಿಗೆ ಇಂಥದ್ದನ್ನು ಕಲಿಯುವ ಪ್ರಸಂಗವೇ ಬಂದಿರಲಿಲ್ಲ.

ಕಷಾಯ ಕುಡಿದು ನೀಲಗಂಗವ್ವ ಉಳಿದಳು. ಬೇರು ಕೊಟ್ಟ ಗಿಡಗಳಲ್ಲಿ ಒಂದು ಬಾಡಿತು, ಇನ್ನೊಂದು ತಡೆದುಕೊಂಡಿತು. ಉಳಿದವು ಬೀಜ ಕಟ್ಟಿದವು. ಮಗಳು ಎದ್ದು ಕೂರುವಂತಾದ ಮೇಲೆ ಮಲಕಾಜಪ್ಪ ದೇಸಾಯಿ ನಿಂಬೆವ್ವನ ಮನೆಗೆ ತಾನೇ ನಡೆದು ಬಂದ. ವಾಡೆಯವರು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಹೊರಗಿನ ಕಟ್ಟೆಯ ಮೇಲೆ ಕುಳಿತು, ಏನು ಬೇಕೋ ಕೇಳು ಎಂದ.

"ನನಗೇನೂ ಬ್ಯಾಡ್ರಿ. ಗುಡ್ಡದ ಬೇರು ಇನ್ನ ಮ್ಯಾಲೆ ಮಾರಾಕ ಹೋಗಬಾರ್ದು."

ದೇಸಾಯಿ ಕೇಳಿದ, "ಮತ್ತ ಬ್ಯಾರೆ ಊರವರು ಬ್ಯಾನಿ ಅಂತ ಬಂದ್ರ?"

"ಬಂದವರಿಗೆ ಕೊಡೂಣ್ರಿ. ಕೊಡಬಾರ್ದು ಅಂತ ನಾ ಯಾವತ್ತೂ ಅಂದಿಲ್ಲ," ಎಂದಳು ನಿಂಬೆವ್ವ.

ಅವನು ಒಪ್ಪಿದ. ಗುಡ್ಡವನ್ನು ತನ್ನ ವತನದಿಂದ ಬಿಟ್ಟುಕೊಟ್ಟು ಊರ ಹೆಣ್ಣುಮಕ್ಕಳ ಹೆಸರಿಗೆ ಮಾಡಿದ ಎಂದು ಕೆಲವರು ಹೇಳುತ್ತಾರೆ. ಹಾಗೆ ಬರೆದ ಶಾಸನವನ್ನು ಯಾರೂ ಕಂಡಿಲ್ಲ. ಮಾತು ಕೊಟ್ಟದ್ದು ನಿಜವಿರಬೇಕು, ಏಕೆಂದರೆ ಆ ಮೇಲೆ ಗುಡ್ಡದಲ್ಲಿ ವ್ಯಾಪಾರಕ್ಕೆಂದು ಅಗೆದವರಿಲ್ಲ. ಮರುವರ್ಷ ಹೊಳೆಯಾಚೆಯಿಂದ ಹಾಲವ್ವನ ಅತ್ತೆಯೇ ಮೊಮ್ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದು ನಿಂಬೆವ್ವನ ಮಡಿಲಿಗೆ ಹಾಕಿದಳಂತೆ. ಬೀಗರ ಗಾಡಿಗಳು ಮತ್ತೆ ಬರತೊಡಗಿದವು.

ಹಾಶಿಮ ಹೆಂಡತಿಯನ್ನು ಕರೆದೊಯ್ಯಲು ಬಂದಾಗ ಒಂದು ತಕರಾರು ಎದ್ದಿತು. ನಿಂಬೆವ್ವ ಉಡಿ ತುಂಬಲು ಅಣಿ ಮಾಡಿದ್ದಳು. ಅಗಸೆಯಲ್ಲಿ ಅಡ್ಡ ನಿಂತಿದ್ದ ಹೆಂಗಸು ಬಂದು, ನಮ್ಮ ಮನೆಯಲ್ಲಿ ತುಂಬಿಸುತ್ತೇವೆ ಎಂದಳು. ವಾಡೆಯಿಂದ ನೀಲಗಂಗವ್ವ ಹೇಳಿ ಕಳಿಸಿದಳು, ನಮ್ಮಲ್ಲಿಗೆ ಬರಲಿ ಎಂದು. ಹೀಗೆ ಓಣಿ ಓಣಿಯಿಂದ ಕರೆ ಬಂದು, ಇವಳಿಗೆ ತವರು ಯಾವ ಮನೆ ಎಂಬುದು ತೀರ್ಮಾನವಾಗದೆ ಹೋಯಿತು. ಕೊನೆಗೆ ಎಲ್ಲ ಮನೆಯವರೂ ಅಕ್ಕಿ, ಕೊಬ್ಬರಿ ಹಿಡಿದುಕೊಂಡು ಗುಡ್ಡ ಹತ್ತಿದರು. ಗಿಡಗಳ ಪಕ್ಕದಲ್ಲಿ ಮಣೆ ಹಾಕಿ, ಮರ್ಜಾನಾಳನ್ನು ಕೂರಿಸಿ, ಎಲ್ಲರೂ ಉಡಿ ತುಂಬಿದರು. ಆಕೆಯ ಮಡಿಲು ಸಾಲದೆ ಹಾಶಿಮನ ಮೇಲುಹೊದಿಕೆಯನ್ನು ಹಾಸಬೇಕಾಯಿತು. ಅಂದಿನಿಂದ ಕರೇಗುಡ್ಡ ಎನ್ನುವುದು ತಪ್ಪಿತು, ತವರುಗುಡ್ಡ ಎನ್ನುವುದು ಬಂತು. ಮರ್ಜಾನಾ ಮತ್ತೆ ಬಂದಳೋ ಇಲ್ಲವೋ ಹೇಳುವವರಿಲ್ಲ.

ಇಂದು ಗುಡ್ಡ ಹತ್ತಿದವರಿಗೆ ಇಳಿಜಾರಿನ ತುಂಬ ಕೆಂಬೇರಿನ ಪೊದೆಗಳು ಕಾಣುತ್ತವೆ. ದಾರಿ ಸವೆದಿರುವುದು ಗಿಡ ನೋಡಲು ಬರುವವರಿಂದಲ್ಲ. ತಂದೆತಾಯಿ ಇಲ್ಲದೆ, ಅಣ್ಣತಮ್ಮಂದಿರು ಬಾಗಿಲು ತೆರೆಯದೆ, ಹೋಗಲು ತವರಿಲ್ಲದ ಹೆಂಗಸರು ಸುತ್ತಲಿನ ಊರುಗಳಿಂದ ಇಲ್ಲಿಗೆ ಬರುತ್ತಾರೆ. ಯಾವ ಜಾತಿ, ಯಾವ ಧರ್ಮ ಎಂದು ಕೇಳುವ ಪದ್ಧತಿಯಿಲ್ಲ. ಆ ದಿನ ಗುಡ್ಡದ ಮೇಲೆ ಯಾರಿರುತ್ತಾರೋ ಅವರು ಬಂದವಳನ್ನು ಕೂರಿಸಿ ಉಡಿ ತುಂಬಿ ಕಳಿಸುತ್ತಾರೆ. ಉಡಿ ತುಂಬಿಸಿಕೊಂಡವಳು ಇಳಿಯುವ ಮೊದಲು 'ಬರಲಾರದವಳ ಪಾಲು' ಎಂದು ಒಂದು ಹಿಡಿ ಅಕ್ಕಿಯನ್ನು ಪಡುವಣಕ್ಕೆ ಚಾಚಿದ ಹಾಸುಗಲ್ಲಿನ ಮೇಲೆ ಇಡುತ್ತಾಳೆ. ಅದು ಸಮುದ್ರದಾಚೆ ಹೋದ ಮರ್ಜಾನಾಳಿಗೆ ಎನ್ನುವವರಿದ್ದಾರೆ, ತವರಿಗೆ ಬಂದು ಮರಳದ ಹಾಲವ್ವನಿಗೆ ಎನ್ನುವವರೂ ಇದ್ದಾರೆ. ಇಡುವವಳನ್ನು ಕೇಳಿದರೆ ಬಹಳ ಸಲ ಮೂರನೆಯ ಹೆಸರೊಂದನ್ನು, ತಾನು ಕಳೆದುಕೊಂಡ ಸ್ವಂತದವಳೊಬ್ಬಳ ಹೆಸರನ್ನು, ಹೇಳುತ್ತಾಳೆ.